ಕಡಲ ಮಗ್ಗುಲಿಗೆ ನಡೆದವನು

ಕುಪವಾಡ
೧೯ ಜನವರಿ ೨೦೨೫

ತುಳಸಕ್ಕನಿಗೆ ತಂಗಿ ಮಂಗಲಾಳ ನಮಸ್ಕಾರ.

ನಾನಿಲ್ಲಿ ಆರಾಮ. ಸಲಗರೆಯಲ್ಲಿ ನೀನು, ನಿನ್ನ ಯಜಮಾನರು ಭರಮಣ್ಣ ಮಾವನವರು, ಕುರಿಗಳು ಎಲ್ಲ ಸುಖವೆಂದು ತಿಳಿದಿದ್ದೇನೆ. ದೀಪಾವಳಿಗೇ ಬರೆಯಬೇಕಿತ್ತು, ತಡವಾಯಿತು, ಬೈಯಬೇಡ. ನೀನು ಫೋನ್ ಎತ್ತಿದ್ದರೆ ಈ ಕಾಗದದ ಉಸಾಬರಿಯೇ ಇರುತ್ತಿರಲಿಲ್ಲ.

ಹೋದ ರವಿವಾರ ಕೊಂಕಣಕ್ಕೆ ಹೋಗಿದ್ದೆವು. ನಿನ್ನ ಮಗಳು ಮಯೂರಿ, ಅವಳ ಗಂಡ ಸಂಘರ್ಷ, ನಾನು. ಹೆಸರು ಕಂಡೊಡನೆ ಕಾಗದ ಹರಿಯಬೇಡ, ಪೂರ್ತಿ ಓದು. ಬೇರೆ ಜಾತಿಯವನನ್ನು ಕಟ್ಟಿಕೊಂಡಳೆಂದು ನೀವು ಅವಳನ್ನು ಬಿಟ್ಟು ಎರಡು ವರ್ಷವಾಯಿತು. ಈಗ ಅವಳಿಗೆ ಐದು ತಿಂಗಳು.

ಕಡಲ ದಂಡೆಯ ಗುಡ್ಡದ ಮೇಲೆ ಎರಡು ಹಾಳು ಕೋಟೆ. ಒಂದರಿಂದ ಇನ್ನೊಂದಕ್ಕೆ ಅಂಚಿನಲ್ಲೇ ಕಾಲುದಾರಿ. ಈ ಕಡೆ ಬಿದ್ದ ಗೋಡೆ, ಆ ಕಡೆ ಏನೂ ಇಲ್ಲ, ಕೆಳಗೆ ನೀರು. ಜನ ಹುಚ್ಚರ ಹಾಗೆ ಫೋಟೊ ತೆಗೆಯುತ್ತಿದ್ದರು. ನಮ್ಮ ಕುರಿದೊಡ್ಡಿಯ ಗೋಡೆ ಆ ಕೋಟೆಗಿಂತ ನೆಟ್ಟಗಿದೆ.

"ಬಸುರಿ ಹೆಣ್ಮಗಳು, ಈ ದಾರಿ ಯಾಕ ಬೇಕವಾ ನಿನಗ?" ಎಂದೆ. "ಮನ್ಯಾಗ ಕುಂತು ಕುಂತು ಸಾಕಾಗೇತಿ ಮಾವಶಿ," ಎಂದಳು.

ಸಂಘರ್ಷ, "ಮಾವಶಿ, ನೀವು ಒಳಗಿನ ಬಾಜೂ ಬರ್ರಿ," ಎಂದು ನಮ್ಮಿಬ್ಬರನ್ನೂ ಗೋಡೆಯ ಕಡೆ ಬಿಟ್ಟು, ದಾರಿ ಮುಗಿಯುವವರೆಗೆ ತಾನು ಅಂಚಿನ ಮೇಲೆ ನಡೆದ. ಗುಡ್ಡದಲ್ಲಿ ಕುರಿ ಹೊಡೆದುಕೊಂಡು ಹೋಗುವಾಗ ನಮ್ಮಪ್ಪ ನಡೆಯುತ್ತಿದ್ದದ್ದು ಹಾಗೆಯೇ. ಕುರಿ ಒಳಗೆ, ಕಾಯುವವನು ಕೊರಕಲಿನ ಕಡೆಗೆ. ಇವನಿಗೆ ಯಾರೂ ಕಲಿಸಿದ್ದಲ್ಲ. ಹುಡುಗ ಒಳ್ಳೆಯವನು, ಅಕ್ಕ.

ಎರಡನೇ ಕೋಟೆಯ ಹತ್ತಿರ ಚಹಾ ಕುಡಿಯುವಾಗ ಮಯೂರಿ ಕೇಳಿದಳು, "ಏಳನೇ ತಿಂಗಳಾಗ ಕುಬಸಾ ಮಾಡಿ ಉಡಿ ತುಂಬತಾರ. ಅವ್ವ ಹಸರ ಸೀರಿ ತಗೊಂಡು ಬರ್ತಾಳೇನು?" ನನಗೇನು ಗೊತ್ತು ಎಂದೆ. "ಎಲ್ಲಾರೂ ಕೈ ಬಿಟ್ರು, ನೀ ಒಬ್ಬಾಕಿ ಬಿಡಲಿಲ್ಲ. ನಾವು ಲಗ್ನಕ್ಕ ಕೋರ್ಟಿಗೆ ಹೊಂಟದ್ದು ಅಪ್ಪಗ ಯಾರು ಹೇಳಿದ್ರೋ, ಅವರ ಮಾರಿ ಸಾಯೂತನಕಾ ನೋಡಂಗಿಲ್ಲ," ಎಂದಳು. ನಾನು ಚಹಾ ಮುಗಿಸಿದೆ.

ಮಾರ್ಚಿನಲ್ಲಿ ಕುಬಸ. ಬರುವುದು ಬಿಡುವುದು ನಿನಗೆ ಬಿಟ್ಟದ್ದು. ಬೀರಪ್ಪ ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ
ಮಂಗಲಾ

ತಾ.ಕ.: ಕಾಗದ ಬರೆದು ಮೂರು ದಿನವಾಯಿತು, ಡಬ್ಬಿಗೆ ಹಾಕಿರಲಿಲ್ಲ. ಮಯೂರಿ ಲಗ್ನಕ್ಕೆ ಕೋರ್ಟಿಗೆ ಹೊರಟ ದಿನ ಮಾವನವರಿಗೆ ಫೋನ್ ಮಾಡಿದ್ದು ನಾನು. ಮನೆತನದ ಮರ್ಯಾದೆ ಉಳಿಯಲಿ ಎಂದು ಮಾಡಿದೆ. ಅವರು ಕೋರ್ಟಿನ ಮೆಟ್ಟಿಲ ಮೇಲೆ ಮಗಳನ್ನು ಹೊಡೆಯುತ್ತಾರೆಂದು ತಿಳಿದಿರಲಿಲ್ಲ. ನಿನ್ನೆ ಮಯೂರಿಗೆ ಎಲ್ಲ ಹೇಳಿಬಿಟ್ಟೆ. ಅವಳು ಅಳಲಿಲ್ಲ. "ನೀ ಇನ್ನ ಬರಬ್ಯಾಡ," ಎಂದಳು, ಅಷ್ಟೇ. ಕುಬಸದ ದಿನ ಅವಳ ತವರಿನ ಕಡೆಯವಳಾಗಿ ನಾನಂತೂ ಇರುವುದಿಲ್ಲ, ಅಕ್ಕ. ನೀನಾದರೂ ಬಾ.