ಕೆಟ್ಟಿದ್ದು ಕಿಟ್ ಅಲ್ಲ

ಅಮ್ಮಾ,

ಕುಣಿಯೋ ಹಾಗಾಗಿದೆ, ಅಕ್ಷರ ಸೊಟ್ಟಗಿದ್ರೆ ಬೈಬೇಡ! ನಮ್ಮ ಲ್ಯಾಬಿಗೆ ಬಂದ, ಹೊಟ್ಟೆಹುಳ ಪತ್ತೆ ಮಾಡೋ ಹೊಸ ಕಿಟ್ ಕೆಟ್ಟಿಲ್ಲ. ಅದು ಸರಿ ಇದೆಯಾ ಅಂತ ನೋಡೋಕೆ ಆರೋಗ್ಯವಾಗಿರೋರ ರಕ್ತ ಬೇಕು ಅಂತ ಮೂರು ದಿನ ನನ್ನದನ್ನೇ ಹಾಕಿದ್ದೆ. ಮೂರು ಸಲವೂ ‘ಹುಳ ಇದೆ’ ಅಂದಿತು, ನಾನು ಕಿಟ್ಟಿಗೇ ಬೈದೆ. ನಿನ್ನೆ ನಮ್ಮ ಲ್ಯಾಬಿನ ಮೇಡಂ ತಮ್ಮ ರಕ್ತ ಹಾಕಿದ್ರೆ ಅದೇ ಕಿಟ್ ‘ಹುಳ ಇಲ್ಲ’ ಅಂದಿತು!

ಕಿಟ್ ಹುಡುಕೋದು ಹುಳದ ವಿರುದ್ಧ ಮೈ ಮಾಡ್ಕೊಳ್ಳೋ ಪ್ರತಿಕಾಯಾನ; ಅದು ಹುಳ ಹೋದ ಮೇಲೂ ರಕ್ತದಲ್ಲಿ ಉಳಿದಿರುತ್ತೆ. ನನ್ನ ಹೊಟ್ಟೇಲಿ ಹುಳ ಈಗಲೂ ಇದೆಯಾ ಅಂತ ತಿಳಿಯೋಕೆ ಮಲ ನೋಡಬೇಕು. ನನ್ನ ಡಬ್ಬಿ ತಗೊಂಡು ಓಡ್ತಿದ್ದೀನಿ, ಒಂದೇ ಮನೆ ಊಟ, ನಿನಗೂ ಇರಬಹುದು ಅಂತ ನಿನ್ನ ಡಬ್ಬಿ ಬಚ್ಚಲ ಕಿಟಕೀಲಿಟ್ಟಿದ್ದೀನಿ. ನಾಳೆ ಬೆಳಿಗ್ಗೆ ಮೂಗು ಮುರೀದೆ ಕೊಡು. ಒಂದು ಚಮಚ ಸಾಕು, ಧಾರಾಳತನ ಬೇಡ.

‘ತಿಂದಿದ್ದು ಮೈಗೆ ಹತ್ತಲ್ಲ, ನಿನ್ನ ಹೊಟ್ಟೇಲಿ ಹುಳ ಇದೆ’ ಅಂತ ನೀನು ಹೇಳಿದಾಗಲೆಲ್ಲ ಅಪ್ಪನೂ ನಾನೂ ನಗ್ತಿದ್ವಿ.

ಅಪ್ಪನಿಗೆ ನಾನು ಬರೋವರೆಗೂ ಹೇಳಬೇಡ. ಗೆದ್ದಾಗ ನಿನ್ನ ಮುಖ ಹೇಗಿರುತ್ತೆ ಅಂತ ನಾನೂ ನೋಡಬೇಕು!