ಸೋಯಾ ಹಾಲಿನ ಕೆನೆ

ಸೆಂದಾಯ್
ನವೆಂಬರ್ 11, 1997

ಅಮ್ಮಾ,

ಸಂಜೆ ಐದು ಗಂಟೆ. ಮಕ್ಕಳು ಆಟ ಮುಗಿಸಿ ಮನೆಗೆ ಹೊರಡಲೆಂದು ಊರಿನ ಧ್ವನಿವರ್ಧಕದಲ್ಲಿ ದಿನವೂ ಹಾಕುವ ರಾಗ ಕೇಳಿ ಬೆಚ್ಚಿಬಿದ್ದು ಎದ್ದೆ. ಮೂರು ರಾತ್ರಿ ನಿದ್ದೆಯಿಲ್ಲದೆ, ಕೊಯುಕಿಯ ಆಸ್ಪತ್ರೆ ಮಂಚಕ್ಕೆ ಹಣೆಯಾನಿಸಿ ಹತ್ತು ನಿಮಿಷ ಕಣ್ಣು ಮುಚ್ಚಿದ್ದೆನಷ್ಟೆ. "ಅಮ್ಮ, ರಾಗ ಬಂತು. ನಾವೂ ಮನೆಗೆ ಹೋಗೋಣ್ವಾ?" ಎಂದಳು ನಿನ್ನ ಮೊಮ್ಮಗಳು.

ಬೇಸಿಗೆಯ ಜಗಳದ ನಂತರ ಇದೇ ಮೊದಲ ಪತ್ರ, ಕ್ಷಮಿಸು. ಅವಳ ಮುಖದ ಇಸುಬಿಗೆ "ಡಾಕ್ಟ್ರು ಕೊಟ್ಟ ಮುಲಾಮು ಹಚ್ಚೇ! ನೀನು ಕಾಲೇಜು ಓದಿದ್ದು ಆ ಚರ್ಮಕ್ಕೇನು ಗೊತ್ತು?" ಎಂದಿದ್ದೆ ನೀನು. ಸ್ಟೆರಾಯ್ಡ್ ಎಂದರೆ ವಿಷ ಎಂದು ಎಲ್ಲೋ ಓದಿದ್ದ ನಾನು ಫೋನ್ ಕುಕ್ಕಿದ್ದೆ.

ಮುಂದಿನದು ನಿನಗೆ ಗೊತ್ತಿಲ್ಲ. ಕಳೆದ ತಿಂಗಳು ಅವಳ ಬಲಗಣ್ಣಿಗೆ ಕಪ್ಪು ಪರದೆ ಇಳಿದಂತಾಯಿತು. ಒಳಗೆ ರೆಟಿನಾ ಕಳಚಿತ್ತು. ಆಪರೇಷನ್ ಮಾಡಿ, ಕಣ್ಣೊಳಗೆ ಅನಿಲ ತುಂಬಿ, ಹತ್ತು ದಿನ ಮಕಾಡೆ ಮಲಗಿಸಿದರು. ನೆಲ ನೋಡುತ್ತಲೇ ಉಂಡಳು, ನೆಲ ನೋಡುತ್ತಲೇ ನಕ್ಕಳು. ಅಂಟಿಕೊಂಡಿತ್ತು ಅಮ್ಮಾ! ಈಗ ಮತ್ತೆ ಎದ್ದಿದೆ.

"ಗಾಯ ಮಾಯೋವಾಗ ರೆಟಿನಾ ಮೇಲೆ ಕಲೆ ಪದರ ಕಟ್ಟಿದೆ. ಅದು ಸುರುಟ್ಕೊಳ್ತಾ ರೆಟಿನಾನೂ ಎಳೀತಿದೆ" ಎಂದರು ಡಾಕ್ಟರ್ ಇಸೊಯಾಮಾ. ನನ್ನದೇ ವಯಸ್ಸಿನ ಹೆಂಗಸು.

"ಅಂದ್ರೆ ನಮ್ಮಜ್ಜಿ ಸೋಯಾ ಹಾಲಿನ ಮೇಲಿಂದ ಕಡ್ಡೀಲಿ ಕೆನೆ ಎತ್ತೋ ಹಾಗೆ ಎತ್ತಬೇಕಾ?" ಕೊಯುಕಿ ಕೇಳಿದಳು.

"ಹಾಗೇ. ನಿಮ್ಮಜ್ಜಿ ಕೈ ನಂಗಿಲ್ವಲ್ಲ, ಅದಕ್ಕೇ ಚಿಮಟ ಇಟ್ಕೊಂಡಿದೀನಿ."

ನಾಳೆ ಒಂಬತ್ತಕ್ಕೆ ಆ ಪದರ ಬಿಡಿಸಿ, ರೆಟಿನಾ ಒತ್ತಿ ಹಿಡಿಯಲು ಸಿಲಿಕೋನ್ ಎಣ್ಣೆ ತುಂಬುತ್ತಾರೆ. ತಿಂಗಳುಗಳ ಮೇಲೆ ಎಣ್ಣೆ ತೆಗೆಯುತ್ತಾರೆ. "ಮುಂಚಿನ ದೃಷ್ಟಿ ಬರುತ್ತೆ ಅಂತ ಮಾತು ಕೊಡಲಾರೆ. ಪದರ ಮತ್ತೆ ಕಟ್ಟಲೂಬಹುದು" ಎಂದ ಡಾಕ್ಟರು, ಹೊರಡುವಾಗ ಇನ್ನೊಮ್ಮೆ ಕೇಳಿದರು: "ಕಣ್ಣಿಗೆ ಏಟು ಹೇಗೆ ಬಿತ್ತು?" ಶಾಲೆಯಲ್ಲಿ ಚೆಂಡು ಬಡಿಯಿತು ಎಂದೆ.

ಚಳಿ ಶುರುವಾಯಿತು. ತೋಫು ತೊಳೆಯುವ ತಣ್ಣೀರಿನಲ್ಲಿ ನಿನ್ನ ಬೆರಳು ಬಿರಿಯದಿರಲಿ. ನಿನ್ನ ತೋಫು ಅಂಗಡಿ, ನೀನು, ಎಲ್ಲ ಚೆನ್ನಾಗಿರಲಿ.

ನಿನ್ನ,
ಮಿಚಿರು

ಮರೆತ ಮಾತು: ಮರೆತಿದ್ದಲ್ಲ ಅಮ್ಮಾ. ಚೆಂಡು ಬಡಿದಿರಲೇ ಇಲ್ಲ. ಕೆರೆದರೆ ರಕ್ತ ಬರುತ್ತದೆಂದು, ಇಲ್ಲಿನ ತಾಯಂದಿರೆಲ್ಲ ಹೇಳಿಕೊಡುವಂತೆ ನಾನೂ ಹೇಳಿಕೊಟ್ಟಿದ್ದೆ: "ಕೆರ್ಕೋಬೇಡ ಪುಟ್ಟಿ, ತಟ್ಕೋ." ಮುಲಾಮು ಕಾಣದೆ ತುರಿಸುತ್ತಿದ್ದ ರೆಪ್ಪೆಗಳನ್ನು ಅವಳು ತಿಂಗಳುಗಟ್ಟಲೆ ಅಂಗೈಯಿಂದ ಪಟಪಟನೆ ಬಡಿದುಕೊಂಡಳು. ಕಣ್ಣಿಗೆ ಬಿದ್ದ ಏಟು ಅದೇ. ಪಕ್ಕದಲ್ಲಿ ಮಲಗಿ ನಾನು "ಜಾಣೆ" ಎನ್ನುತ್ತಿದ್ದೆ. ಇವತ್ತು ಡಾಕ್ಟರು ಹೋದ ಮೇಲೆ ನನ್ನ ಕಿವಿಯಲ್ಲಿ, "ನಾನು ತಟ್ಕೊಂಡಿದ್ದು ಯಾರಿಗೂ ಹೇಳಲ್ಲ. ನಿನ್ನ ಬೈತಾರೆ" ಎಂದಳು. ನಿದ್ದೆಯಲ್ಲಿ ಈಗಲೂ ತಟ್ಟಲು ಕೈ ಇನ್ನೂ ಚೆನ್ನಾಗಿರುವ ಎಡಗಣ್ಣಿಗೆ ಹೋಗುತ್ತದೆ. ನಾಳೆ ಕೆನೆ ಎತ್ತಿದ ಮೇಲೂ ಹೋಗುತ್ತದೆ. ಒಂಬತ್ತರೊಳಗೆ ಡಾಕ್ಟರಿಗೆ ನಿಜ ಹೇಳಲೇಬೇಕು, ಬಾಯಿ ಬರುತ್ತಿಲ್ಲ. ಆಸ್ಪತ್ರೆ ಎದುರಿನ ಅಂಗಡಿಯಿಂದ ಇದನ್ನು ಫ್ಯಾಕ್ಸ್ ಮಾಡುತ್ತೇನೆ. ಸೋಯಾ ಕಾಳು ರುಬ್ಬಲು ರಾತ್ರಿ ಎರಡಕ್ಕೇ ಎದ್ದಾಗ, ಛತ್ರದವರು ಫ್ಯಾಕ್ಸಿನಲ್ಲಿ ಕಳಿಸುವ ತೋಫು ಆರ್ಡರುಗಳ ಜೊತೆ ಇದೂ ಸಿಗುತ್ತದೆ. ಕಾಳು ಕಾಯಲಿ. ವಾರ್ಡಿನ ಫೋನ್ ನಂಬರು ಹಾಳೆಯ ಅಂಚಿನಲ್ಲಿದೆ, ನರ್ಸಿಗೆ ಹೇಳಿಟ್ಟಿದ್ದೇನೆ. ಬೇಕಾದಷ್ಟು ಬೈಯಿ, ಆಮೇಲೆ "ಹೋಗಿ ಹೇಳು" ಎನ್ನು. ದಮ್ಮಯ್ಯ ಅಮ್ಮಾ, ಬೆಳಗಾಗುವ ಮುಂಚೆ ಫೋನ್ ಮಾಡು.