ಸೋಪು ತಾಗಿದ ಕಾವಲಿ

ಅಮ್ಮಾ,

ನಿನ್ನ ಕಬ್ಬಿಣದ ಕಾವಲಿ ಇವತ್ತು ನಮ್ಮ ಮನೆಗೆ ಬಂದಿತ್ತು. ಪಕ್ಕದ ಮನೆಯ ಲತಿಕಳ ಹತ್ತಿರ ಕೇಳಿ ತಂದೆ. ನೀನು ಇಲ್ಲಿ ಕೇರಳದ ತುಂಬಾದಲ್ಲಿ ನಮ್ಮೊಟ್ಟಿಗಿದ್ದಾಗ ಅವಳಿಗೆ ಕೊಟ್ಟುಬಿಟ್ಟೆಯಲ್ಲ. ನನಗೆ ನಾನ್‌ಸ್ಟಿಕ್ ಸಾಕು, ಆ ಭಾರ ಯಾರು ಎತ್ತುವುದು ಅಂದದ್ದು ನಾನೇ, ಸರಿ. ಆದರೆ ನೀನು ಊರಿಗೆ ಹೋದ ಮೇಲೆ ಅನನ್ಯ ಲತಿಕಳ ಮನೆಯಲ್ಲಿ ನೀರುದೋಸೆ ತಿಂದು ಬಂದು "ಅಜ್ಜಿಯದ್ದೇ ರುಚಿ" ಅನ್ನುತ್ತಾಳೆ, ಅದೂ ಮಲಯಾಳದಲ್ಲಿ. ನನ್ನ ಮಗಳು! ಹೊಟ್ಟೆ ಉರಿಯುವುದಿಲ್ಲವಾ?

ದೋಸೆ ಚೆನ್ನಾಗಿಯೇ ಎದ್ದಿತು. ಆಮೇಲೆ ಕಾವಲಿಗೆ ಸೋಪು ಹಾಕಿ, ಸ್ಟೀಲ್ ನಾರಿನಿಂದ ಎಣ್ಣೆಯ ಪಸೆಯೆಲ್ಲ ಹೋಗುವಷ್ಟು ಉಜ್ಜಿ ವಾಪಸು ಕೊಟ್ಟೆ. ಇನ್ನು ಅವಳಿಗೆ ಹೇಗೆ ದೋಸೆ ಏಳುತ್ತದೆ ನೋಡುವ ಅಂತ.

ಲತಿಕ ಅದರ ಮೇಲೆ ಕೈಯಾಡಿಸಿ ನಕ್ಕಳು. "ಸಾರಮಿಲ್ಲ ರಾಜೀವಿ, ಪರವಾಗಿಲ್ಲ. ನಿನ್ನ ಅಮ್ಮ ಮೊದಲೇ ಹೇಳಿದ್ದರು, ನನ್ನ ಮಗಳು ಯಾವತ್ತಾದರೂ ಕೇಳಿದರೆ ಕೊಡು, ಸೋಪು ಹಾಕಿಯೇ ತರುತ್ತಾಳೆ, ಪಾಪ ಅವಳಿಗೆ ಗೊತ್ತಿಲ್ಲ, ಬಯ್ಯಬೇಡ, ನೀರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜಿದರೆ ಸರಿಯಾಗುತ್ತದೆ ಅಂತ."

ಗೊತ್ತಿಲ್ಲ ಅಂದೆಯಾ ಅಮ್ಮಾ?

ನನಗೆ ಗೊತ್ತಿತ್ತು.